ಸೆನ್ಸರ್ ಕಾಕಾ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳಲ್ಲಿ, ಯಾವ ಸರಕಾರಿ ಗಣತಿಗೂ ಸಿಗದ, ಆದರೆ ಓಣಿಗೊಬ್ಬರಂತೆ ತಪ್ಪದೆ ಹಂಚಿಹೋಗಿರುವ ಒಂದು ವರ್ಗವಿದ್ದು, ಅದರ ಸದಸ್ಯರನ್ನು ಜನ ಬಳಕೆಗೆ ತಕ್ಕಂತೆ ಕಾಕಾ, ಮಾಮಾ ಅಥವಾ ಮಾಸ್ತರು ಎಂದು ಕರೆಯುತ್ತಾರೆ. ಮನೆಯ ಓವನ್ ಕೆಲಸ ನಿಲ್ಲಿಸಿ, ಅದರ ಗಾಜಿನ ಪಟ್ಟಿಯ ಮೇಲೆ ಎರಡು ಅಕ್ಷರ ಮಿನುಗತೊಡಗಿದಾಗ, ಕಂಪನಿಗೆ ಫೋನ್ ಹೋಗುವ ಮೊದಲೇ ಹೊಸ್ತಿಲು ದಾಟಿ ಒಳಬಂದು ಆ ಅಕ್ಷರಗಳಿಗೆ ಅರ್ಥ ಹೇಳುವವರು ಇವರೇ.

ಈ ಅಕ್ಷರಗಳಿಗೆ ಎರರ್ ಕೋಡ್ ಎಂದು ಹೆಸರು. ಓವನ್ನಿನೊಳಗಿನ ನಿಯಂತ್ರಣ ಬೋರ್ಡು ಬಾಗಿಲು, ಗುಂಡಿಗಳು, ಉಷ್ಣತೆ ಅಳೆಯುವ ಸೆನ್ಸರ್ ಮುಂತಾದವುಗಳನ್ನು ಆಗಾಗ ವಿಚಾರಿಸಿಕೊಳ್ಳುತ್ತಿದ್ದು, ಯಾವುದಾದರೊಂದರ ಉತ್ತರ ಅದಕ್ಕೆ ಸರಿಬಾರದಿದ್ದರೆ ಕೆಲಸ ನಿಲ್ಲಿಸಿ ಈ ಸಂಕೇತವನ್ನು ತೋರಿಸುತ್ತದೆ. ಕೋಡಿನ ಅರ್ಥ ಕಂಪನಿಯಿಂದ ಕಂಪನಿಗೆ, ಎಷ್ಟೋ ಸಲ ಒಂದೇ ಕಂಪನಿಯ ಒಂದು ಮಾದರಿಯಿಂದ ಇನ್ನೊಂದಕ್ಕೆ ಬೇರೆಯಾಗುವುದರಿಂದ, ಅದನ್ನು ತಿಳಿಯಲು ಆಯಾ ಓವನ್ನಿನ ಜೊತೆ ಬಂದ ಕೈಪಿಡಿಯನ್ನೇ ನೋಡಬೇಕು. ಆ ಕೈಪಿಡಿ ಕಪಾಟಿನಲ್ಲಿ ರೇಷನ್ ಕಾರ್ಡಿನ ಕೆಳಗೆ ಪ್ಲಾಸ್ಟಿಕ್ ಚೀಲ ಬಿಚ್ಚದೆ ಭದ್ರವಾಗಿರುತ್ತದೆ. ಓವನ್ನಾದರೂ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗ ತಂದಿಟ್ಟದ್ದು; ಮಕ್ಕಳ ಹುಟ್ಟುಹಬ್ಬಕ್ಕೆ ತತ್ತಿ ಹಾಕದ ಕೇಕ್ ಸುಡುವುದನ್ನು ಬಿಟ್ಟರೆ, ವರ್ಷದ ಉಳಿದ ದಿನಗಳಲ್ಲಿ ಕಡಕ್ ರೊಟ್ಟಿ ಮೆತ್ತಗಾಗದಂತೆ ಇಡಲು ಅದಕ್ಕಿಂತ ಒಳ್ಳೆಯ ಜಾಗ ಅಡುಗೆಮನೆಯಲ್ಲಿ ಇರುವುದಿಲ್ಲ.

ಈ ವರ್ಗದಲ್ಲಿ ಪ್ರಾದೇಶಿಕ ಭೇದಗಳೂ ಉಂಟು. ಶಿಶುನಾಳ ಶರೀಫರ ತತ್ತ್ವಪದಗಳಿಗೆ ಕಟ್ಟೆಯ ಮೇಲೆ ಕುಳಿತು ಒಳಾರ್ಥ ಹೇಳುವ ರೂಢಿಯಿರುವ ಶಿಗ್ಗಾಂವಿ ಸೀಮೆಯಲ್ಲಿ, ಎರಡಕ್ಷರದ ಕೋಡಿಗೂ ಒಳಾರ್ಥ ಹೇಳುವವರು ಹುಟ್ಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಅಬಲೂರು, ಮಾಸೂರುಗಳ ಜೊತೆ ಸರ್ವಜ್ಞನ ಹೆಸರನ್ನು ಸೇರಿಸಿ ಹೇಳುವ ಹಿರೇಕೆರೂರು ತಾಲೂಕಿನವರು ಮಿತಭಾಷಿಗಳಾಗಿದ್ದು, ಮೂರು ಮಾತಿನಲ್ಲಿ ತೀರ್ಪು ಮುಗಿಸಿ ಚಹಾಕ್ಕೆ ಕೂಡುತ್ತಾರೆ. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನವರು ಎಲ್ಲ ದೋಷವನ್ನೂ ಮಳೆಗಾಲದ ತಂಡಿಯ ಮೇಲೆ ಹಾಕುತ್ತಾರೆ. ಅವರ ಮಾತೇ ಹೆಚ್ಚು ಸಲ ನಿಜವಾಗುವುದೆಂಬುದನ್ನು ಒಪ್ಪಬೇಕು.

ಸವಣೂರಿನ ಒಬ್ಬ ಮಾದರಿ ವ್ಯಕ್ತಿಯ ಕುರಿತು ಮಾತ್ರ ಅಗತ್ಯಕ್ಕಿಂತ ವಿಸ್ತಾರವಾದ ಮಾಹಿತಿ ಲಭ್ಯವಿದೆ. ದೊಡ್ಡಹುಣಸೆ ಮರಗಳ ಆ ಊರಿನ ಒಂದು ಮನೆಯಲ್ಲಿ, ಮೊಮ್ಮಗಳ ಹುಟ್ಟುಹಬ್ಬದ ಹಿಂದಿನ ಸಂಜೆ, ಹಿಟ್ಟು ಕಲಸಿ ಡಬ್ಬಿಗೆ ಸುರಿದಾದ ಮೇಲೆ ಓವನ್ ‘ಎಸ್‌ಇ’ ಎಂದು ತೋರಿಸಿ ಸುಮ್ಮನಾಯಿತು. ಕರೆಯುವ ಮೊದಲೇ ಸುದ್ದಿ ತಿಳಿದು ಬಂದ ಕಾಕಾ, ಟೆಸ್ಟರನ್ನು ಪೆನ್ನಿನ ಪಕ್ಕದಲ್ಲಿ ಕಿಸೆಗೆ ಸಿಕ್ಕಿಸಿಕೊಂಡೇ ಇದ್ದರಾದರೂ, ಕುರ್ಚಿಯಲ್ಲಿ ಕುಳಿತು ಸವಣೂರು ಖಾರದ ತಟ್ಟೆ ಅರ್ಧಕ್ಕೆ ಬರುವವರೆಗೆ ಓವನ್ನಿನ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಗೆ ಎದ್ದು, ಕನ್ನಡಕವನ್ನು ಹಣೆಗೇರಿಸಿ, ಪಟ್ಟಿಗೆ ಮೂಗು ತಾಗುವಷ್ಟು ಬಗ್ಗಿ, “ಎಸ್ ಅಂದ್ರ ಸೆನ್ಸರ್, ಇ ಅಂದ್ರ ಎರರ್. ಅದು ತಾನ ಬಾಯಿ ಬಿಟ್ಟು ಹೇಳಾಕತ್ತೇತಿ, ನೀವು ಕೇಳವಲ್ರಿ” ಎಂದು ನಿರ್ಣಯಿಸಿದರು. ಮನೆಯ ಸೊಸೆ ಮೆಲ್ಲಗೆ, “ಕಾಕಾರ, ಅದು ಐದು ಇದ್ದಂಗ ಕಾಣ್ತೇತಲ್ರೀ” ಎಂದದ್ದೇ ತಡ, ವಿಷಯ ಶಾಸ್ತ್ರಾರ್ಥಕ್ಕೆ ತಿರುಗಿತು.

ಸೊಸೆಯ ಸಂಶಯಕ್ಕೆ ಆಧಾರವಿತ್ತು. ಇಂಥ ಪಟ್ಟಿಗಳಲ್ಲಿ ಅಕ್ಷರ ಮತ್ತು ಅಂಕಿಗಳೆಲ್ಲ ಏಳು ಬೆಳಕಿನ ಗೆರೆಗಳಿಂದಲೇ ಮೂಡಬೇಕಾದ್ದರಿಂದ, ಇಂಗ್ಲಿಷಿನ ಎಸ್ ಅಕ್ಷರಕ್ಕೂ ಐದರ ಅಂಕಿಗೂ, ಓ ಅಕ್ಷರಕ್ಕೂ ಸೊನ್ನೆಗೂ ಅಲ್ಲಿ ಯಾವ ವ್ಯತ್ಯಾಸವೂ ಉಳಿಯುವುದಿಲ್ಲ. ಕಾಕಾ ಹಿರೇಕೆರೂರಿನ ತಮ್ಮ ಬೀಗರಿಗೆ ಫೋನ್ ಹಚ್ಚಿದರು. ಬೀಗರು ಐದರ ಪಕ್ಷ ವಹಿಸಿದರು. ಆ ಸಂಬಂಧ ಸರಿಹೋಗಲು ದೀಪಾವಳಿಯವರೆಗೆ ಕಾಯಬೇಕಾಯಿತು. ಇಷ್ಟು ಹೊತ್ತೂ ಓವನ್ನಿನ ಹಿಂದೆ ಟಾರ್ಚ್ ಹಿಡಿದು ಬಗ್ಗಿ ನಿಲ್ಲುವ ಕೆಲಸ, ಇಂಥ ಎಲ್ಲ ಸಂದರ್ಭಗಳಲ್ಲಿ ಆಗುವಂತೆ, ಮನೆಯಲ್ಲಿ ಪುಸ್ತಕ ಓದಿ ಬರೆದುಕೊಂಡಿರುವ, ಬೇರೆ ಯಾವುದಕ್ಕೂ ಉಪಯೋಗವಿಲ್ಲದ ಗಂಡಸಿಗೆ ಬಿದ್ದಿತ್ತು. ಕೇಕನ್ನು ಸೊಸೆ ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಗ್ಯಾಸ್ಕೆಟ್ ಮತ್ತು ಸೀಟಿ ತೆಗೆದು, ಸಣ್ಣ ಉರಿಯ ಮೇಲೆ ಸುಟ್ಟಳು. ಕಾಕಾ ಎರಡು ತುಂಡು ತಿಂದರು.

ನಿಜವಾದ ಕಾರಣ ಬೇರೆಯೇ ಇತ್ತು. ಆ ಮಾದರಿಯಲ್ಲಿ ‘ಎಸ್‌ಇ’ ಎಂದರೆ ಗುಂಡಿಯೊಂದು ಒತ್ತಿದ ಸ್ಥಿತಿಯಲ್ಲೇ ಉಳಿದಿದೆ ಎಂದು ಅರ್ಥ. ಗುಂಡಿಗಳ ಫಲಕವೆಂದರೆ ವಿದ್ಯುತ್ ಹರಿಯುವ ಗೆರೆಗಳನ್ನು ಮುದ್ರಿಸಿದ ತೆಳುವಾದ ಪ್ಲಾಸ್ಟಿಕ್ ಹಾಳೆಗಳ ಜೋಡಣೆಯಾಗಿದ್ದು, ಬೆರಳಿನ ಒತ್ತಡದಿಂದ ಒಂದು ಹಾಳೆ ಇನ್ನೊಂದಕ್ಕೆ ತಗಲಬೇಕಾದ ಜಾಗದಲ್ಲಿ ಉಗಿಯ ಪಸೆ ಸೇರಿದರೆ, ಯಾರೂ ಮುಟ್ಟದೆಯೂ ಬೋರ್ಡಿಗೆ ಬೆರಳು ಕಂಡಂತಾಗುತ್ತದೆ. ಓವನ್ನಿಟ್ಟ ಹಲಗೆಯ ಕೆಳಗೇ ಇಡ್ಲಿ ಪಾತ್ರೆ ಕುದಿಯುತ್ತಿದ್ದ ಮನೆಯಲ್ಲಿ ಇದಕ್ಕಿಂತ ಹೆಚ್ಚಿನ ತನಿಖೆ ಬೇಕಿರಲಿಲ್ಲ. ರಾತ್ರಿಯಿಡೀ ಪ್ಲಗ್ ತೆಗೆದಿಟ್ಟು, ಫಲಕವನ್ನು ಒಣ ಅರಿವೆಯಿಂದ ಒರೆಸಿದ್ದರಿಂದ ಬೆಳಿಗ್ಗೆ ಕೋಡ್ ಮಾಯವಾಗಿತ್ತು. ಪ್ಲಗ್ ತೆಗೆಯಲು ಹೇಳಿದವರು ಕಾಕಾ ಎಂಬುದು ನಿಜ. ಯಾಕೆ ತೆಗೆಯಬೇಕೆಂಬುದಕ್ಕೆ ಅವರು ಕೊಟ್ಟ ಕಾರಣ, “ಸೆನ್ಸರಿಗೂ ವಿಶ್ರಾಂತಿ ಬೇಕಲ್ಲ” ಎಂಬುದಾಗಿತ್ತು.

ಸೆನ್ಸರಿನ ಮೇಲೆ ಅವರಿಗಿರುವ ಈ ನಿಷ್ಠೆ ಪೂರ್ತಿ ಆಧಾರವಿಲ್ಲದ್ದಲ್ಲ. ಅನೇಕ ವಿದ್ಯುತ್ ಓವನ್ನುಗಳಲ್ಲಿ ಉಷ್ಣತೆ ಅಳೆಯುವುದು ಪ್ಲಾಟಿನಂ ಸೆನ್ಸರ್; ಅದರ ಪ್ರಸಿದ್ಧ ಮಾದರಿಯೊಂದು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ 1000 ಓಂ ಪ್ರತಿರೋಧವನ್ನೂ, 25 ಡಿಗ್ರಿಯಲ್ಲಿ ಸುಮಾರು 1097 ಓಂ ಪ್ರತಿರೋಧವನ್ನೂ ತೋರಿಸಬೇಕು. ತಂತಿ ಕಡಿದರೆ ಪ್ರತಿರೋಧಕ್ಕೆ ಮಿತಿಯೇ ಇರುವುದಿಲ್ಲ, ಶಾರ್ಟ್ ಆದರೆ ಅದು ಸೊನ್ನೆಗಿಳಿಯುತ್ತದೆ; ಎರಡೂ ಭೂಮಿಯ ಮೇಲಿನ ಯಾವ ಅಡುಗೆಮನೆಯಲ್ಲೂ ಇರಲಾರದ ಉಷ್ಣತೆಯಾದ್ದರಿಂದ ಬೋರ್ಡು ನಂಬದೆ ಕೋಡ್ ತೋರಿಸುತ್ತದೆ. ಮೀಟರ್ ಹಿಡಿದು ಅಳೆದರೆ ಕೆಲಸ ಮುಗಿಯಿತು. ಕಾಕಾ ಅಳೆಯುವುದಿಲ್ಲ, ಆಲಿಸುತ್ತಾರೆ.

ಆಲಿಸುವ ಈ ಅಭ್ಯಾಸಕ್ಕೆ ದೊಡ್ಡ ಇತಿಹಾಸವಿದೆ. 1987–88ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬರುತ್ತಿದ್ದ ರವಿವಾರದ ಬೆಳಿಗ್ಗೆಗಳಲ್ಲಿ ಮಾಳಿಗೆ ಏರಿ ಆಂಟೆನಾ ತಿರುಗಿಸುತ್ತ, ಕೆಳಗಿನಿಂದ ಬರುವ “ಬಂತು, ಹೋತು” ಎಂಬ ಕೂಗಿಗೆ ತಕ್ಕಂತೆ ಕೈ ನಿಲ್ಲಿಸುತ್ತಿದ್ದವರು ಇವರೇ. ಹೊಲದ ಪಂಪ್‌ಸೆಟ್ಟಿನ ಮೋಟರು ಬೇರಿಂಗಿಗೆ ಅಳುತ್ತಿದೆಯೋ, ಒಂದು ಫೇಸ್ ಇಲ್ಲದೆ ಗುಂಯ್‌ಗುಡುತ್ತಿದೆಯೋ ಎಂಬುದನ್ನು ಬದುವಿನ ಮೇಲೆ ನಿಂತು ಹೇಳುತ್ತಿದ್ದರು, ಸುಟ್ಟ ವೈಂಡಿಂಗನ್ನು ಮೂಗಿನಿಂದ ಗುರುತಿಸುತ್ತಿದ್ದರು. ಅವರು ಹೇಳಿದ್ದು ತಪ್ಪಿದ ನೆನಪು ಆ ಓಣಿಯಲ್ಲಿ ಯಾರಿಗೂ ಇಲ್ಲ. ಆಗಿನ ಯಂತ್ರಗಳು ಕೆಡುವ ಮುನ್ನ ಸಾಕಷ್ಟು ಗೋಳಾಡುತ್ತಿದ್ದವು. ಓವನ್ ಹಾಗಲ್ಲ, ವಾಸನೆಯಿಲ್ಲ, ಸದ್ದಿಲ್ಲ, ಎರಡಕ್ಷರ ತೋರಿಸಿ ಕೂತುಬಿಡುತ್ತದೆ, ಆ ಅಕ್ಷರವೂ ಅವರ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಈಗಿನ ಹುಡುಗರು ಕೋಡನ್ನು ಮೊಬೈಲಿನಲ್ಲಿ ಹುಡುಕಿಕೊಳ್ಳುತ್ತಾರೆ, ಕಾಕಾರನ್ನು ಕೇಳುವುದು ಹಿರಿಯರು ಎದುರಿಗಿದ್ದಾಗ ಮಾತ್ರ.

ಆದರೂ ಒಂದು ವಿಷಯದಲ್ಲಿ ಅವರ ಮಾತಿಗೆ ಮೇಲ್ಮನವಿಯಿಲ್ಲ. ವಿಡಿಯೊ ನೋಡಿ ಸ್ಕ್ರೂಡ್ರೈವರ್ ಹಿಡಿದ ಹುಡುಗನೊಬ್ಬ ಓವನ್ನಿನ ಕವಚ ಬಿಚ್ಚಲು ಹೊರಟಾಗ, ಎಂದೂ ದನಿ ಏರಿಸದ ಕಾಕಾ ಅವನ ಕೈಮೇಲೆ ಹೊಡೆದಿದ್ದರು. ಮೈಕ್ರೋವೇವ್ ಓವನ್ನಿನೊಳಗಿನ ಕೆಪ್ಯಾಸಿಟರ್, ಅಂದರೆ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಭಾಗ, ಸುಮಾರು 2000 ವೋಲ್ಟಿನಷ್ಟು ಒತ್ತಡದಲ್ಲಿ ಕೆಲಸ ಮಾಡುವಂಥದ್ದಾಗಿದ್ದು, ಪ್ಲಗ್ ತೆಗೆದ ಮೇಲೂ ಅದರೊಳಗಿನ ವಿದ್ಯುತ್ತು ಕೆಲ ಹೊತ್ತು ಹಾಗೆಯೇ ಉಳಿದು ಪ್ರಾಣ ತೆಗೆಯಬಲ್ಲದು. ಇದನ್ನು ಅವರು ಯಾವ ಕೈಪಿಡಿಯಲ್ಲೂ ಓದಿದವರಲ್ಲ.

ಮುಂದಿನ ಆಷಾಢದ ಮಳೆಯಲ್ಲಿ ಅದೇ ಕೋಡ್ ಮತ್ತೆ ಬಂದು, ಈ ಸಲ ಒರೆಸಿದರೂ ಹೋಗದಿದ್ದಾಗ, ಹುಬ್ಬಳ್ಳಿಯಿಂದ ಬಂದ ಕಂಪನಿಯ ಹುಡುಗ ಯಾರೊಂದಿಗೂ ಹೆಚ್ಚು ಮಾತಾಡದೆ ಗುಂಡಿಗಳ ಫಲಕವನ್ನೇ ಬದಲಿಸಿ, ಬಿಲ್ಲಿನಲ್ಲಿ ‘ಟಚ್ ಪ್ಯಾನೆಲ್’ ಎಂದು ಬರೆದು, ಚಹಾ ಸಹ ಕುಡಿಯದೆ ಹೋದ. ಆ ಬಿಲ್ಲು ಈಗ ಚೀಲದಿಂದ ಹೊರಬಂದ ಕೈಪಿಡಿಯೊಳಗಿದೆ. ಅದರಲ್ಲಿ ‘ಟಚ್ ಪ್ಯಾನೆಲ್’ ಎಂಬ ಮಾತಿನ ಮುಂದೆ, ಬೇರೆ ಶಾಯಿಯಲ್ಲಿ, ಅಚ್ಚುಕಟ್ಟಾದ ಹಳೆಯ ಶಾಲೆಯ ಅಕ್ಷರಗಳಲ್ಲಿ ‘ಮತ್ತು ಸೆನ್ಸರ್’ ಎಂದು ಸೇರಿಸಿದೆ.