‘ಓದಿ ಹೇಳಲಾಗಿದೆ’ ಎಂಬ ರಬ್ಬರ್ ಮೊಹರಿನವರಿಗೆ

ಮಹಾರಾಜಶ್ರೀ ರಬ್ಬರ್ ಮೊಹರಿನವರ ಸನ್ನಿಧಾನಕ್ಕೆ,

ನಿನ್ನೆ ಬೆಳಿಗ್ಗೆಯಿಂದ ತಮ್ಮ ಬಾಗಿಲಲ್ಲಿ ಕಾದು, ಸಂಜೆ ಕೆಂಪು ಬಸ್ಸಿನಲ್ಲಿ ನಿಂತುಕೊಂಡೇ ಊರು ಸೇರಿದವನ ನಮಸ್ಕಾರಗಳು. ಯಾವ ಊರಿನ ಕೋರ್ಟು ಎಂದು ಬರೆಯುವುದಿಲ್ಲ. ಶ್ರೀರಂಗಪಟ್ಟಣದವರು ಪಾಂಡವಪುರದ್ದಿರಬೇಕು ಅನ್ನಲಿ, ಪಾಂಡವಪುರದವರು ಕೆ.ಆರ್. ಪೇಟೆ ಕಡೆ ಕೈ ತೋರಿಸಲಿ, ಕೆ.ಆರ್. ಪೇಟೆಯವರು ‘ಇದು ನಾಗಮಂಗಲದ್ದೇ’ ಎಂದು ಷರಾ ಬರೆಯಲಿ. ನಾಗಮಂಗಲದವರು ಏನೂ ಅನ್ನುವುದಿಲ್ಲ, ಅವರಿಗೂ ತಮ್ಮ ಪರಿಚಯವಿದೆ.

ಬಂದ ಕೆಲಸ ದೊಡ್ಡದೇನಲ್ಲ. ನನ್ನ ಸೋದರತ್ತೆಯದು ಪಾಲಿನ ದಾವೆ. ಅವರ ‘ಚೀಫ್’ ಅಫಿಡವಿಟ್ಟಿಗೆ, ಅಂದರೆ ಮುಖ್ಯ ವಿಚಾರಣೆಯ ಪ್ರಮಾಣಪತ್ರಕ್ಕೆ, ಹೆಬ್ಬೆಟ್ಟು ಒತ್ತಿಸಬೇಕಿತ್ತು. ಟೈಪಾದ ಹಾಳೆಗಳನ್ನು ಗುಮಾಸ್ತರು ಕೈಗಿಟ್ಟಾಗ ಕೊನೆಯ ಪುಟ ನೋಡಿದೆ. ತಾವು ಆಗಲೇ ನೇರಳೆ ಬಣ್ಣದಲ್ಲಿ ವಿರಾಜಮಾನರಾಗಿದ್ದಿರಿ: ಪ್ರಮಾಣಿಕರಿಗೆ ಅವರು ಬಲ್ಲ ಭಾಷೆಯಲ್ಲಿ ಓದಿ ಹೇಳಲಾಗಿದೆ, ಅರ್ಥವಾಯಿತೆಂದು ಒಪ್ಪಿದ್ದಾರೆ. ಆಹಾ! ಅತ್ತೆ ಇನ್ನೂ ಬಸ್ಸಿನಲ್ಲಿರುವಾಗಲೇ ತಾವು ಓದಿ ಹೇಳಿ ಮುಗಿಸಿದ್ದಿರಿ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಿದ್ದ ಹೊತ್ತಿನಲ್ಲಿ ಅವರಿಗೆ ಅರ್ಥವೂ ಆಗಿಹೋಗಿತ್ತು. ಅಫಿಡವಿಟ್ಟು ಇದ್ದದ್ದು ಇಂಗ್ಲಿಷಿನಲ್ಲಿ, ಆದ್ದರಿಂದ ಅನುವಾದವನ್ನೂ ತಾವೇ ಮಾಡಿರಬೇಕು. ಆಕಾಶವಾಣಿಯವರಿಗೂ ಇಲ್ಲದ ಸಾಮರ್ಥ್ಯ.

ತಮ್ಮ ಈ ಪ್ರತಿಭೆಯನ್ನು ನಂಬಿಯೇ ಕಾನೂನು ನಿಂತಿದೆ. ಬರೆಯಲು ಬಾರದವರು ಹಾಕುವ ಗುರುತೂ ಸಹಿಯೇ ಎಂದು 1897ರ ಜನರಲ್ ಕ್ಲಾಸಸ್ ಕಾಯ್ದೆ ಒಪ್ಪಿಕೊಂಡಿದೆ. ಪರದೆಯ ಹಿಂದೆ ಬಾಳುವ ಹೆಣ್ಣುಮಕ್ಕಳು ಪತ್ರಕ್ಕೆ ಸಹಿ ಹಾಕಿದ್ದರೆ, ವಿಷಯ ತಿಳಿದೇ ಹಾಕಿದರು ಎಂದು ತೋರಿಸುವ ಹೊಣೆ ಅದರಿಂದ ಲಾಭ ಪಡೆಯುವವನದೇ ಎಂದು ಸುಪ್ರೀಂ ಕೋರ್ಟು ಖರ್ಬೂಜಾ ಕುವರ್ ಪ್ರಕರಣದಲ್ಲಿ ಹೇಳಿತು. ಅದೇ ರಕ್ಷಣೆಯನ್ನು ಕೋರ್ಟುಗಳು ಅಕ್ಷರ ಬಾರದವರಿಗೂ ವಿಸ್ತರಿಸಿವೆ. ನಮ್ಮ ಕರ್ನಾಟಕದಿಂದಲೇ ಹೋದ ನಿಂಗವ್ವನ ಪ್ರಕರಣದಲ್ಲಿ, ಅರವತ್ತರ ದಶಕದಲ್ಲಿ, ಇನ್ನೊಂದು ಸೂಕ್ಷ್ಮ ಹೊರಬಿತ್ತು. ಇದು ಎಂಥ ಪತ್ರ ಎಂಬುದರಲ್ಲೇ ಮೋಸವಾಗಿದ್ದರೆ ಆ ಪತ್ರ ಹುಟ್ಟಲೇ ಇಲ್ಲ. ಪತ್ರ ಯಾವುದೆಂದು ಗೊತ್ತಿದ್ದು ಒಳಗಿನ ಬರಹದಲ್ಲಿ ಮಾತ್ರ ಮೋಸವಾಗಿದ್ದರೆ ಅದು ಜೀವಂತವಾಗಿಯೇ ಇರುತ್ತದೆ, ಮೋಸ ಗೊತ್ತಾದ ಮೇಲೆ ವಾಯಿದೆ ಮೀರುವುದರೊಳಗೆ ದಾವೆ ಹೂಡಿ ರದ್ದು ಮಾಡಿಸಿಕೊಳ್ಳಬೇಕು. ವಾಯಿದೆ ಮೂರು ವರ್ಷ. ಅಕ್ಷರ ಬಾರದವಳಿಗೆ ಕಾಗದದೊಳಗಿನ ಮೋಸ ಗೊತ್ತಾಗುವುದು ಹೇಗೆ? ಯಾರಾದರೂ ಓದಿ ಹೇಳಿದರೆ ತಾನೆ? ತಾವಂತೂ ಹೇಳಿಯೇ ಮುಗಿಸಿರುತ್ತೀರಿ.

ನಾನು ಸುಮ್ಮನೆ ಒತ್ತಿಸಿ ಬರಬಹುದಿತ್ತು. ‘ಒಂದು ಸಲ ಓದ್ತೀನಿ’ ಅಂದೆ. ಗುಮಾಸ್ತರು ನನ್ನನ್ನು ನೋಡಿದ ನೋಟವನ್ನು ಬಣ್ಣಿಸುವುದು ಬೇಡ. ಹಿಂದೆ ನಿಂತಿದ್ದವರು ‘ಬೇಗ ಆಗ್ಲಿ ಸ್ವಾಮಿ’ ಅಂದರು. ಅವರನ್ನು ಆಗಷ್ಟೇ ಛಾಪಾ ಕಾಗದ ತರಲು ಓಡಿಸಿದ್ದರು, ಅವರ ಸಿಟ್ಟು ನ್ಯಾಯವಾದದ್ದೇ. ಕೋರ್ಟಿಗೆ ಹಾಕುವ ಪ್ರಮಾಣಪತ್ರಕ್ಕೆ ಸ್ಟಾಂಪು ಕಾಯ್ದೆಯಲ್ಲಿ ಸುಂಕದ ವಿನಾಯಿತಿ ಇದೆ ಎಂದು ಅವರಿಗೆ ಹೇಳಹೊರಟೆ. ಆಗಲೇ ಕೊಂಡಿದ್ದರು, ಸುಮ್ಮನಾದೆ.

ಕಟ್ಟೆಯ ಮೇಲೆ ಕೂತು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಎರಡನೇ ಪ್ಯಾರಾದಲ್ಲೇ ಒಂದು ರತ್ನ ಸಿಕ್ಕಿತು. ‘ನಾನು ಪಹಣಿ, ಮ್ಯುಟೇಶನ್ ಮುಂತಾದ ದಾಖಲೆಗಳನ್ನು ಓದಿ ನೋಡಿದ್ದೇನೆ’ ಎಂದು ಅತ್ತೆ ಪ್ರಮಾಣ ಮಾಡುತ್ತಿದ್ದರು. ಅತ್ತೆ ನಕ್ಕರು. ‘ನಾನಾ? ಯಾವಾಗ್ಲಾ ಮಗ ಓದ್ದೆ?’

ಚಕ್ಕುಬಂದಿಗೆ ಬಂದಾಗ ನಗು ನಿಂತಿತು. ‘ಮೂಡಲಿಗೆ ಓಣಿ’ ಎಂದು ಓದಿದೆ. ‘ಓಣಿ ಎಲ್ಲೈತೆ ಮೂಡ್ಲಾಗೆ? ಅಲ್ಲಿರೋದು ಕಾಲ್ವೆ. ಓಣಿ ಪಡುವ್ಲಾಗೆ ಕಣಪ್ಪ. ಇದು ನಮ್ ಗದ್ದೆನೇ ಅಲ್ವಲ್ಲ!’ ದಾವೆಯ ಅರ್ಜಿಯಲ್ಲಿ ಸರಿಯಾಗಿಯೇ ಇದ್ದದ್ದು ಅಫಿಡವಿಟ್ಟಿಗೆ ಇಳಿಯುವಾಗ ದಿಕ್ಕು ತಪ್ಪಿತ್ತು. ಟೈಪಿಸ್ಟಿಗೆ ಕಾಣಲಿಲ್ಲ, ಗುಮಾಸ್ತರಿಗೆ ಕಾಣಲಿಲ್ಲ. ಅ ಆ ಇ ಈ ಬಾರದ ಹೆಂಗಸಿಗೆ ಕಿವಿಗೆ ಬಿದ್ದ ಕೂಡಲೇ ಹೊಳೆಯಿತು. ಆ ಗದ್ದೆಯಲ್ಲಿ ಐವತ್ತು ವರ್ಷ ನಾಟಿ ಹಾಕಿದವರು ಅವರು. ತಾವಲ್ಲ, ಟೈಪಿಸ್ಟೂ ಅಲ್ಲ.

ಗುಮಾಸ್ತರಿಗೆ ತೋರಿಸಿದೆ. ‘ನೀವು ಓದೋಕೆ ಕೂತಿದ್ದಕ್ಕೇ ಲೇಟಾಯ್ತು’ ಅಂದರು! ಮತ್ತೆ ಟೈಪಾಗಬೇಕು, ಟೈಪಿಸ್ಟು ಊಟಕ್ಕೆ ಹೋಗಿದ್ದಾರೆ, ಊಟದಿಂದ ಬಂದವರು ಇನ್ನೆಲ್ಲಿಗೋ ಹೋಗಿದ್ದಾರೆ, ನಾಳೆ ಬನ್ನಿ.

ಇಲ್ಲಿಯವರೆಗೆ ಸಭ್ಯವಾಗಿ ಬರೆದೆ, ಇನ್ನು ಆಗುವುದಿಲ್ಲ. 2002ಕ್ಕೆ ಮುಂಚೆ ಸಿವಿಲ್ ದಾವೆಯ ಸಾಕ್ಷಿ ಕಟಕಟೆಯಲ್ಲಿ ನಿಂತು ತನ್ನ ಬಾಯಲ್ಲೇ ಹೇಳುತ್ತಿದ್ದಳು, ಕೋರ್ಟು ಬರೆದುಕೊಳ್ಳುತ್ತಿತ್ತು. ಆಮೇಲೆ ಸಿವಿಲ್ ಪ್ರಕ್ರಿಯಾ ಸಂಹಿತೆ ತಿದ್ದಿ, ಸಮಯ ಉಳಿಸಲು, ಮುಖ್ಯ ವಿಚಾರಣೆ ಅಫಿಡವಿಟ್ಟಿನಲ್ಲೇ ಬರಲಿ ಎಂದರು. ಉಳಿದ ಸಮಯ ಯಾರಿಗೆ ಸಿಕ್ಕಿತೋ ಕಾಣೆ, ಅತ್ತೆಯ ಮಾತು ಮಾತ್ರ ಅತ್ತೆಯ ಬಾಯಿಂದ ಹೋಯಿತು. ಈಗ ಪಾಟೀಸವಾಲಿನ ದಿನ ಎದುರು ವಕೀಲರು ಕೇಳುವ ಮೊದಲ ಪ್ರಶ್ನೆಯೇ ‘ಅಫಿಡವಿಟ್ಟಿನಲ್ಲಿ ಏನು ಬರೆದಿದೆ ಗೊತ್ತೇನಮ್ಮ?’ ಗೊತ್ತಿಲ್ಲ ಅಂದರೆ ಸಾಕ್ಷ್ಯ ಬಿದ್ದುಹೋಯಿತು. ಗೊತ್ತು ಅಂದರೆ ಮೂಡಲಿಗೆ ಓಣಿ. ಸುಳ್ಳು ಪ್ರಮಾಣ ಎಂದಾದರೆ ಭಾರತೀಯ ನ್ಯಾಯ ಸಂಹಿತೆಯ 229ನೇ ಕಲಮಿನಲ್ಲಿ ಏಳು ವರ್ಷದವರೆಗೆ ಜೈಲು. ಜೈಲು ಯಾರಿಗೆ? ಹೆಬ್ಬೆಟ್ಟಿಗೆ. ಓದದೆಯೇ ‘ಓದಿ ಹೇಳಲಾಗಿದೆ’ ಎಂದು ಒತ್ತಿದ ತಮಗೆ ಏಳು ನಿಮಿಷವೂ ಇಲ್ಲ. ಆ ಪುಟದಲ್ಲಿದ್ದ ಅಪ್ಪಟ ಸುಳ್ಳು ತಮ್ಮದೇ ಆಗಿತ್ತು, ಸ್ವಾಮಿ!

ಇದು ಅತ್ತೆ ಒಬ್ಬರ ಕತೆಯಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ಮಂಡ್ಯ ಜಿಲ್ಲೆಯ ಸಾಕ್ಷರತೆ ಶೇ. 70ರ ಆಸುಪಾಸು, ಹೆಂಗಸರದು ಇನ್ನೂ ಕೆಳಗೆ. ನಾಲೆ ನೀರಿನ ಭೂಮಿ, ಗುಂಟೆ ಗುಂಟೆಗೂ ಬೆಲೆ. ಹೆಣ್ಣುಮಕ್ಕಳಿಗೂ ಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ದೇಶ 2005ರಲ್ಲಿ. ಅಂದಿನಿಂದ ಅಕ್ಕತಂಗಿಯರ ಹೆಬ್ಬೆಟ್ಟಿಗೆ ಎಲ್ಲಿಲ್ಲದ ಮರ್ಯಾದೆ. ‘ಖಾತೆಗೆ ಬೇಕು ಕಣಕ್ಕ, ಇಲ್ಲೊಂದು ಒತ್ತು’ ಎಂದು ಕಾರಿನಲ್ಲಿ ಕರೆದುಕೊಂಡು ಬರುತ್ತಾರೆ, ಹೋಟೆಲಿನಲ್ಲಿ ದೋಸೆಯನ್ನೂ ಕೊಡಿಸುತ್ತಾರೆ. ಒತ್ತಿದ್ದು ರಾಜಿ ಅರ್ಜಿಯೋ ಹಕ್ಕುಬಿಡುಗಡೆಯೋ ಅವಳಿಗೆ ತಿಳಿಯುವುದು ಮುಂದಿನ ಗೌರಿ ಹಬ್ಬದಲ್ಲಿ, ಬಾಗಿನ ಬಾರದಿದ್ದಾಗ. ತಾವು ಅಲ್ಲಿಯೂ ಇದ್ದಿರಿ, ಅವಳಿಗೂ ಓದಿ ಹೇಳಿದ್ದಿರಿ.

ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಉಂಟು, 1987ರ ಕಾಯ್ದೆಯ 12ನೇ ಕಲಮು. ಅದನ್ನು ಆ ಆವರಣದಲ್ಲಿ ದಪ್ಪಕ್ಷರದ ಬೋರ್ಡಿನಲ್ಲಿ ಬರೆದು ಹಾಕಿದ್ದಾರೆ. ಓದಿಕೊಳ್ಳಲಿ ಎಂದು.

ನನ್ನದು ಒಂದೇ ಬೇಡಿಕೆ. ತಾವು ನಿವೃತ್ತರಾಗಿ. ತಮ್ಮ ಜಾಗದಲ್ಲಿ ಓದಿದವರು ತಮ್ಮ ಕೈಯಾರೆ ಬರೆಯಲಿ: ಓದಿದ್ದು ನಾನು, ನನ್ನ ಹೆಸರು ಇದು, ಓದಿದ್ದು ಕನ್ನಡದಲ್ಲಿ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ, ಕೇಳಿದವರು ಇಂಥಿಂಥ ತಪ್ಪು ತಿದ್ದಿಸಿದರು. ಕೆಳಗೆ ಅವರ ಸಹಿ. ಪಾಟೀಸವಾಲಿನ ದಿನ ಅವರೂ ಬಂದು ನಿಲ್ಲಲಿ. ಅದಾದ ಮೇಲೆ ಅತ್ತೆ ಹೆಬ್ಬೆಟ್ಟು ಒತ್ತುತ್ತಾರೆ.

ಇವತ್ತು ಹನ್ನೊಂದಕ್ಕೆ ಬನ್ನಿ ಅಂದಿದ್ದಾರೆ. ಹನ್ನೊಂದು ಅಂದರೆ ಎರಡೂವರೆ ಎಂದು ಅತ್ತೆಗೆ ಯಾರೂ ಓದಿ ಹೇಳಬೇಕಾಗಿಲ್ಲ, ರೊಟ್ಟಿ ಕಟ್ಟಿಕೊಳ್ಳುತ್ತಿದ್ದಾರೆ. ನಾವು ಬಸ್ಸು ಇಳಿಯುವುದರೊಳಗೆ ದಯವಿಟ್ಟು ಇನ್ನೊಂದು ಸಲ ಓದಿ ಮುಗಿಸಿಬಿಡಬೇಡಿ.

ಇಂತಿ,
ಹಾಳೆ ಓದಿ ಲೇಟು ಮಾಡಿದವನು