ಮುಂದಿನ ಬೆಂಚಿನ ಹಿರಿಯರಿಗೆ ಹಿಂದಿನ ಬೆಂಚಿನ ವಂದನೆ

ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಪಾಸ್ಟೊರೇಟ್ ಕಮಿಟಿಯ ಮಾನ್ಯ ಹಿರಿಯರೇ,

ಚುನಾವಣೆ ಗೆದ್ದದ್ದಕ್ಕೆ ಅಭಿನಂದನೆಗಳು. ಕರಪತ್ರ, ಬಿರಿಯಾನಿ, ಮತದಾರರನ್ನು ಕರೆತರಲು ಕಾರು! ವಿಧಾನಸಭೆಗೆ ನಿಲ್ಲುವವರು ನಿಮ್ಮ ಹತ್ತಿರ ಪಾಠ ಹೇಳಿಸಿಕೊಳ್ಳಬೇಕು.

ಸಭೆಯನ್ನು ನಡೆಸುವವನಿಗೆ ಹಣದಾಸೆ ಇರಬಾರದು, ಅವನು ಜಗಳಗಂಟನಾಗಿರಬಾರದು, ಅತಿಥಿಗಳನ್ನು ಸತ್ಕರಿಸುವವನಾಗಿರಬೇಕು ಎಂದು ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದಲ್ಲಿದೆ. ಪಾಪ, ಪೌಲನ ಕಾಲದಲ್ಲಿ ಚರ್ಚ್ ಕಾಂಪೌಂಡಿನಲ್ಲಿ ಬಾಡಿಗೆ ಅಂಗಡಿಗಳಿರಲಿಲ್ಲ.

ಯೆರೂಸಲೇಮಿನ ಆದಿಸಭೆಯಲ್ಲಿ, ದಿನದ ಊಟ ಹಂಚುವಾಗ ಕೆಲವು ವಿಧವೆಯರನ್ನು ಕಡೆಗಣಿಸುತ್ತಾರೆಂದು ದೂರು ಬಂತು. ಆಗ ಆ ಕೆಲಸಕ್ಕೆಂದು ಏಳು ಮಂದಿಯನ್ನು ಆರಿಸಿದರು. ಅವರಲ್ಲೊಬ್ಬನಾದ ಸ್ತೆಫನ ಕಲ್ಲೇಟಿಗೆ ಪ್ರಾಣ ಕೊಟ್ಟ. ನೀವೂ ಕಲ್ಲಿಗೆ ಹೆದರುವವರಲ್ಲ. ಶಂಕುಸ್ಥಾಪನೆಯ ಕಲ್ಲಿನ ಮೇಲೆಲ್ಲ ಹೆಸರು ಕೆತ್ತಿಸಿಕೊಂಡಿದ್ದೀರಿ. ಆದರೆ ನಿಮ್ಮ ಕಾರ್ಯಸೂಚಿಯಲ್ಲಿ ಕಾಂಪೌಂಡ್ ಗೋಡೆ, ಮೈಕ್ ಸೆಟ್, ಬಿಷಪ್ಪರಿಗೆ ಹೊದಿಸುವ ಶಾಲು ಎಲ್ಲ ಮುಗಿದ ಮೇಲೆ ವಿಧವೆಯರ ಸಹಾಯನಿಧಿಯ ಸರದಿ. ಅಷ್ಟು ಹೊತ್ತಿಗೆ ಕೋರಂ ಇರುವುದಿಲ್ಲ.

ಬೆಳೆಹಬ್ಬದ ಏಲಂ ನೋಡುವ ಭಾಗ್ಯವೂ ನಮ್ಮದಾಯಿತು. ಕೂಲಿ ಹೆಂಗಸು ಹೊತ್ತು ತಂದ ಕುಂಬಳಕಾಯಿ ನಿಮ್ಮ ಪೈಪೋಟಿಯಲ್ಲಿ ಸಾವಿರಾರು ರೂಪಾಯಿಗೆ ಹೋಯಿತು. ಚಪ್ಪಾಳೆ ಅಲ್ಲೇ ಸಿಕ್ಕಿತು, ದುಡ್ಡು ಇನ್ನೂ ಬರಬೇಕು. ಕಾಯಿ ಮಾತ್ರ ಸಾರಾಗಿ ಎಷ್ಟೋ ದಿನವಾಯಿತು.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕಥೀಡ್ರಲಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಹಳೆಯ ಭೇದಗಳನ್ನು ಬದಿಗಿಟ್ಟು ಒಂದಾದ ಫಲವೇ ನಮ್ಮ ಸಿ.ಎಸ್.ಐ. ಬಿಷಪ್ ಇರಬೇಕೇ ಬೇಡವೇ ಎಂಬಂಥ ದೊಡ್ಡ ಪ್ರಶ್ನೆಯನ್ನೇ ಅವರು ಬಗೆಹರಿಸಿಕೊಂಡರು. ನೀವೋ, ಕಲ್ಯಾಣಮಂಟಪದ ಬೀಗದ ಕೈ ಯಾರ ಹತ್ತಿರ ಇರಬೇಕೆಂಬುದು ಬಗೆಹರಿಯದೆ ಎರಡು ಬಣವಾಗಿ ಸಿವಿಲ್ ಕೋರ್ಟಿಗೆ ಹೋಗಿದ್ದೀರಿ. ಎರಡೂ ಬಣದ ವಕೀಲರ ಫೀಸು ಕಾಣಿಕೆ ಹಣದಿಂದಲೇ ಹೋಗುತ್ತಿದೆಯಂತೆ. ಆ ಒಂದು ವಿಷಯದಲ್ಲಾದರೂ ನಿಮ್ಮಲ್ಲಿ ಒಗ್ಗಟ್ಟಿದೆ, ಸ್ತೋತ್ರ!

ನಮ್ಮ ಪಾದ್ರಿ ಅಯ್ಯನವರು ಲೋಭದ ಬಗ್ಗೆ ಪ್ರಸಂಗ ಮಾಡಿದ ವಾರವೇ ಅವರ ವರ್ಗಾವಣೆಗೆ ಅರ್ಜಿ ಹೋಯಿತು. ದೇವರ ವಾಕ್ಯ ನಿಮ್ಮನ್ನು ಮುಟ್ಟುವುದಿಲ್ಲ ಎಂದವರಿಗೆ ಇದೇ ಉತ್ತರ.

ನಮ್ಮ ಬೇಡಿಕೆ ದೊಡ್ಡದಲ್ಲ. ಆಡಿಟ್ ಆದ ಲೆಕ್ಕವನ್ನು ಮಹಾಸಭೆಗೆ ಮೊದಲೇ ನೋಟಿಸ್ ಬೋರ್ಡಿಗೆ ಅಂಟಿಸಿ. ಸಭೆಯ ಶಾಲೆಯಲ್ಲಿ ಕೆಲಸ ಖಾಲಿಯಾದರೆ ನಿಮ್ಮ ಮನೆಯ ಸೊಸೆ, ಅಳಿಯಂದಿರಿಗೆ ತಿಳಿಯುವ ಮೊದಲು ಸಭೆಗೆ ತಿಳಿಸಿ. ಹಾಸಿಗೆ ಹಿಡಿದವರ ಮನೆಗೆ ಹೋಗಿ ಬನ್ನಿ, ಫೋಟೋಗ್ರಾಫರ್ ಬೇಡ. ಬಡವರ ಮನೆಯಲ್ಲಿ ಸಾವಾದಾಗ ಸಮಾಧಿಗೆ ಜಾಗ ಕೊಡುವ ಮೊದಲು ಚಂದಾ ಬಾಕಿಯ ಪುಸ್ತಕ ತೆರೆಯಬೇಡಿ.

ಇಷ್ಟು ಮಾಡಲು ಕಷ್ಟವಾದರೆ ರಾಜೀನಾಮೆ ಕೊಡಿ. ಅದನ್ನು ಬರೆಯುವ ಹಾಳೆಯ ಖರ್ಚನ್ನು ಸಭೆಯೇ ಭರಿಸುತ್ತದೆ, ವೋಚರ್ ಇಟ್ಟರೆ ಸಾಕು.

ಇತಿ,
ಚಂದಾ ಬಾಕಿ ಇಲ್ಲದ ಒಬ್ಬ ಸಭಿಕ