ಬೆಳಕಿನ ಫ್ಯಾನೂ ಅಪ್ಪನ ಜೇಬೂ

ಆಂಧ್ರದ ಕಲ್ಯಾಣದುರ್ಗದ ಪಕ್ಕದ ಸೆಟ್ಟೂರಿನಂಥ ಗಡಿಸೀಮೆಯ ಹುಡುಗರಿಗೆ ಕನ್ನಡ, ತೆಲುಗು ಎರಡೂ ನೀರು ಕುಡಿದಷ್ಟು ಸಲೀಸು. ಈಗ ಮೂರನೆಯದೊಂದು, ಕಂಪ್ಯೂಟರ್ ಬಿಡಿಭಾಗಗಳ ಭಾಷೆ ಬಂದಿದೆ: ರೈಜೆನ್, ಆರ್‌ಟಿಎಕ್ಸ್, ಡಿಡಿಆರ್. ಮಗ ಈ ಭಾಷೆಯಲ್ಲಿ ಪಟ್ಟಿ ಓದತೊಡಗಿದರೆ ಅಪ್ಪ ಮನಸ್ಸಿನಲ್ಲೇ ಶೇಂಗಾ ಮೂಟೆ ಎಣಿಸುತ್ತಾನೆ.

"ಓದೋದಕ್ಕೇ ಅಪ್ಪಾ!"

"ಓದೋದಕ್ಕೆ ಬಣ್ಣಬಣ್ಣದ ದೀಪದ ಫ್ಯಾನ್ ಯಾಕೋ?"

ಪ್ರಶ್ನೆ ನ್ಯಾಯವಾದದ್ದೇ. ದೀಪದಿಂದ ಆಟದ ವೇಗ ಒಂದು ಕೂದಲೆಳೆಯಷ್ಟೂ ಏರುವುದಿಲ್ಲ. ಆ ದುಡ್ಡನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಿದರೆ ಏರುತ್ತದೆ. ಕಾರ್ಡಿಗೂ ಕಾಸಿಲ್ಲವೇ? 2021ರಲ್ಲಿ ಬಂದ ರೈಜೆನ್ 5 5600ಜಿ ಪ್ರೊಸೆಸರಿನ ಹೊಟ್ಟೆಯಲ್ಲೇ ಗ್ರಾಫಿಕ್ಸ್ ಇದೆ. ಆದರೆ ಅದಕ್ಕೆ ಸ್ವಂತ ಮೆಮೊರಿಯಿಲ್ಲ, ರ್‍ಯಾಮಿನಲ್ಲೇ ಪಾಲು ಕೇಳುತ್ತದೆ. ಹಾಗಾಗಿ 16 ಜಿಬಿಯ ಒಂದೇ ಕಡ್ಡಿಗಿಂತ 8 ಜಿಬಿಯ ಜೋಡಿಕಡ್ಡಿಯೇ ವಾಸಿ. ದಾರಿ ಎರಡಾದರೆ ಸರಕು ಬೇಗ ಸಾಗುತ್ತದೆ.

ಬೆಂಗಳೂರಿನ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಹೋದರೆ ಇನ್ನೊಂದು ಆಟ. ಒಂದು ಅಂಗಡಿಯ ದರ ಪಕ್ಕದಂಗಡಿಗೆ ಹೊತ್ತೊಯ್ಯುವಷ್ಟರಲ್ಲಿ ಕಾಲು ಸೋಲುತ್ತದೆ. "ಪವರ್ ಸಪ್ಲೈ ಯಾವುದಾದರೇನು, ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಕೊಡ್ತೀನಿ" ಎಂದವರಿಗೆ ದೂರದಿಂದಲೇ ಕೈಮುಗಿಯಿರಿ. ಕರೆಂಟು ಮನಸ್ಸು ಬಂದಂತೆ ಏರಿಳಿಯುವ ಊರಲ್ಲಿ ಪುಕ್ಕಟೆ ಡಬ್ಬ ಸುಟ್ಟುಹೋದರೆ ಮದರ್‌ಬೋರ್ಡನ್ನೂ ಜೊತೆಗೆ ಕರೆದೊಯ್ದೀತು.

ದೀಪ ಬಿಡಿ, ಒಳ್ಳೆಯ ಪವರ್ ಸಪ್ಲೈ ಕೊಳ್ಳಿ, ಬಿಲ್ಲು ಜೋಪಾನವಾಗಿಡಿ. ವಾರಂಟಿ ಕೇಳುವಾಗ ನೆರವಿಗೆ ಬರುವುದು ಅದೇ.